ಅಮೆರಿಕ ಸಮುದ್ರ ದಾಟಿ ಸಾಮ್ರಾಜ್ಯ ಕಟ್ಟಿದ್ದು ಹೇಗೆ, ಬೇಡ ಅಂದವರು ಯಾರು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಇತಿಹಾಸ ಪಾಠ ಮಾಡುವವನು. ಶ್ರೀರಂಗಪಟ್ಟಣ, ಕಿತ್ತೂರು, ಪ್ಲಾಸಿ ಎಂದರೆ ಮಕ್ಕಳಿಗೆ ಅರ್ಧ ಕಥೆ ಮೊದಲೇ ಗೊತ್ತಿರುತ್ತದೆ. "ಅಮೆರಿಕಕ್ಕೂ ವಸಾಹತುಗಳಿದ್ದವು" ಎಂದಾಗ ಮಾತ್ರ ಎಲ್ಲರೂ ತಲೆ ಎತ್ತಿ ನೋಡುತ್ತಾರೆ. ಆಮೇಲೆ ಪ್ರಶ್ನೆಗಳು ಶುರು. ಕೆಲವು ಪಾಠ ಮುಗಿದ ಮೇಲೆ ಬಂದವು, ಕೆಲವು ಪತ್ರದಲ್ಲಿ, ಇನ್ನು ಕೆಲವು ಅಮೆರಿಕದಲ್ಲಿ ನೆಲೆಸಿರುವ ನೆಂಟರ ಫೋನಿನಲ್ಲಿ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ.

## ಮೊದಲು ತಿಳಿಯಬೇಕಾದ್ದು

ಬ್ರಿಟಿಷರನ್ನು ಓಡಿಸಿದ ದೇಶ ಅದು. ಅದೇ ಬೇರೆಯವರನ್ನು ಆಳಿತು ಅಂದ್ರೆ ಹೇಗೆ ನಂಬೋದು?

ನಂಬೋದು ಕಷ್ಟ, ಆದರೆ ನಡೆದದ್ದು ಹಾಗೇ. ಪ್ರಜೆಗಳ ಒಪ್ಪಿಗೆ ಇದ್ದರೆ ಮಾತ್ರ ಸರ್ಕಾರಕ್ಕೆ ಅಧಿಕಾರ ಎಂದು 1776ರಲ್ಲಿ ಬರೆದುಕೊಂಡ ದೇಶ ಅದು. 1898ರ ಒಂದೇ ವರ್ಷದಲ್ಲಿ ಹವಾಯಿಯನ್ನು ಸೇರಿಸಿಕೊಂಡಿತು. ಸ್ಪೇನ್ ಕೈಯಿಂದ ಪೋರ್ಟೊ ರಿಕೊ, ಗುವಾಮ್, ಫಿಲಿಪೀನ್ಸ್ ತೆಗೆದುಕೊಂಡಿತು. ಯಾವ ಕಡೆಯೂ ಅಲ್ಲಿನ ಜನರ ಒಪ್ಪಿಗೆ ಕೇಳಲಿಲ್ಲ.

ನೆಲ ಕಸಿದುಕೊಳ್ಳುವುದು ಅಮೆರಿಕಕ್ಕೆ ಹೊಸದೇನೂ ಆಗಿರಲಿಲ್ಲ. ಮೂಲನಿವಾಸಿಗಳ ನೆಲ, 1846–48ರ ಯುದ್ಧದಲ್ಲಿ ಮೆಕ್ಸಿಕೋದ ನೆಲ, ಹೀಗೆ ಪಶ್ಚಿಮಕ್ಕೆ ಬೆಳೆಯುತ್ತಲೇ ಬಂದಿತ್ತು. ಆ ಪ್ರದೇಶಗಳು ಒಂದು ದಿನ ರಾಜ್ಯಗಳಾಗುತ್ತವೆ ಎಂಬುದು ಅಲ್ಲಿನ ಲೆಕ್ಕಾಚಾರ. 1898ರಲ್ಲಿ ಬದಲಾದದ್ದು ಆ ಲೆಕ್ಕಾಚಾರ. ಸಮುದ್ರದಾಚೆಯ ನೆಲ ಬೇಕು, ಅಲ್ಲಿನ ಜನ ಸಮಾನರಾಗಿ ಬೇಡ ಎಂಬ ಮಾತು ಶುರುವಾಯಿತು.

ಅದೇ ಹೊತ್ತಿಗೆ ಯಾಕೆ? ಮುಂಚೆ ಯಾಕಿಲ್ಲ?

ಒಂದು ಕಾರಣ ಕಲ್ಲಿದ್ದಲು. ಹಾಯಿ ಹಡಗಿಗೆ ಗಾಳಿ ಸಾಕು, ಉಗಿ ಹಡಗಿಗೆ ಕಲ್ಲಿದ್ದಲು ಬೇಕು. ಪೆಸಿಫಿಕ್ ದಾಟಿ ಚೀನಾದ ಮಾರುಕಟ್ಟೆ ಮುಟ್ಟಬೇಕೆಂದರೆ ದಾರಿಯಲ್ಲಿ ಕಲ್ಲಿದ್ದಲು ತುಂಬಿಸಿಕೊಳ್ಳುವ ಬಂದರುಗಳಿರಬೇಕು. ಭೂಪಟದಲ್ಲಿ ಹವಾಯಿ, ಗುವಾಮ್, ಫಿಲಿಪೀನ್ಸ್‌ನ ಮನಿಲಾಗಳ ಮೇಲೆ ಬೆರಳಿಟ್ಟು ಸಾಲಾಗಿ ನೋಡಿ. ಮೆಟ್ಟಿಲುಗಳ ಹಾಗೆ ಕಾಣುತ್ತವೆ. ಬಲವಾದ ನೌಕಾಪಡೆ ಇಲ್ಲದೆ ಯಾವ ದೇಶವೂ ದೊಡ್ಡದಾಗುವುದಿಲ್ಲ ಎಂದು ನೌಕಾಧಿಕಾರಿ ಆಲ್ಫ್ರೆಡ್ ಮಹಾನ್ 1890ರಲ್ಲಿ ಬರೆದಿದ್ದರು. ಮುಂದೆ ಅಧ್ಯಕ್ಷರಾದ ಥಿಯೋಡರ್ ರೂಸ್‌ವೆಲ್ಟ್ ಅದನ್ನು ಓದಿ ಮೆಚ್ಚಿಕೊಂಡರು.

ಎರಡನೆಯದು ಹಣಕಾಸಿನ ಕಷ್ಟ. 1893ರಲ್ಲಿ ದೊಡ್ಡ ಆರ್ಥಿಕ ಕುಸಿತ ಆಯಿತು. ಕಾರ್ಖಾನೆಯ ಸರಕು ಕೊಳ್ಳುವವರಿಲ್ಲ, ಹೊರಗಿನ ಮಾರುಕಟ್ಟೆ ಹುಡುಕಬೇಕು ಎಂಬ ಕೂಗು ಎದ್ದಿತು. ಪಶ್ಚಿಮದಲ್ಲಿ ಖಾಲಿ ಗಡಿ ಎನ್ನುವುದೇ ಉಳಿದಿಲ್ಲ ಎಂದು 1890ರ ಜನಗಣತಿ ಹೇಳಿದ್ದೂ ಇದರ ಜೊತೆ ಸೇರಿತು.

1898ರಲ್ಲಿ ಏನಾಯ್ತು ಅಂತ ಚಿಕ್ಕದಾಗಿ ಹೇಳಿ.

ಕ್ಯೂಬಾದ ಜನ ಸ್ಪೇನ್ ವಿರುದ್ಧ 1895ರಿಂದ ಹೋರಾಡುತ್ತಿದ್ದರು. 1898ರ ಫೆಬ್ರುವರಿ 15ರ ರಾತ್ರಿ ಅಲ್ಲಿನ ಹವಾನಾ ಬಂದರಿನಲ್ಲಿದ್ದ ಅಮೆರಿಕದ 'ಮೇನ್' ಯುದ್ಧನೌಕೆ ಸ್ಫೋಟಗೊಂಡು 260ಕ್ಕೂ ಹೆಚ್ಚು ಜನ ಸತ್ತರು. ಏಪ್ರಿಲ್‌ನಲ್ಲಿ ಯುದ್ಧ ಘೋಷಣೆ. ಮೇ 1ರಂದು ಕಮೊಡೋರ್ ಜಾರ್ಜ್ ಡ್ಯೂಯಿ ಮನಿಲಾ ಕೊಲ್ಲಿಯಲ್ಲಿ ಸ್ಪೇನ್‌ನ ಹಡಗುಗಳನ್ನು ಕೆಲವೇ ಗಂಟೆಗಳಲ್ಲಿ ನಾಶ ಮಾಡಿದರು. ಆಗಸ್ಟ್‌ನಲ್ಲಿ ಕದನ ನಿಂತಿತು. ಡಿಸೆಂಬರ್ 10ರಂದು ಪ್ಯಾರಿಸ್‌ನಲ್ಲಿ ಒಪ್ಪಂದವಾಯಿತು. ಫಿಲಿಪೀನ್ಸ್‌ಗೆ ಅಮೆರಿಕ ಸ್ಪೇನ್‌ಗೆ ಕೊಟ್ಟದ್ದು 2 ಕೋಟಿ ಡಾಲರ್.

ಗುವಾಮ್ ಕೈಬದಲಾದ ರೀತಿ ಕೇಳಿದರೆ ಯಾರಿಗಾದರೂ ಆಶ್ಚರ್ಯವಾಗುತ್ತದೆ. ಜೂನ್‌ನಲ್ಲಿ ಅಮೆರಿಕದ ಹಡಗು ಬಂದು ಕೋಟೆಯ ಕಡೆ ಗುಂಡು ಹಾರಿಸಿತು. ಯುದ್ಧ ಶುರುವಾಗಿದೆ ಎಂಬುದೇ ದ್ವೀಪದ ಸ್ಪೇನ್ ಅಧಿಕಾರಿಗಳಿಗೆ ಗೊತ್ತಿರಲಿಲ್ಲ. ಗೌರವ ಸಲ್ಲಿಸಲು ಹಾರಿಸಿದ ಗುಂಡು ಎಂದುಕೊಂಡರು. ದೋಣಿಯಲ್ಲಿ ಬಂದು, ನಮ್ಮಲ್ಲಿ ಮದ್ದಿಲ್ಲ, ಮರುಗೌರವ ಸಲ್ಲಿಸಲು ಆಗಲಿಲ್ಲ ಎಂದು ಕ್ಷಮೆ ಕೇಳಿದರು. ಮರುದಿನ ದ್ವೀಪ ಅಮೆರಿಕದ್ದಾಗಿತ್ತು. ಅಲ್ಲೇ ಹುಟ್ಟಿ ಬೆಳೆದ ಚಮೋರೊ ಜನರನ್ನು ಯಾರೂ ಒಂದು ಮಾತೂ ಕೇಳಲಿಲ್ಲ.

ಮೇನ್ ಹಡಗನ್ನು ಸ್ಪೇನೇ ಸ್ಫೋಟಿಸಿದ್ದಾ? ಪತ್ರಿಕೆಗಳೇ ಯುದ್ಧ ಮಾಡಿಸಿದವು ಅಂತಾರಲ್ಲ?

ಹೊರಗೆ ನೀರಿನಲ್ಲಿಟ್ಟ ಸಿಡಿಗುಂಡಿನಿಂದ ಸ್ಫೋಟವಾಯಿತು ಎಂದು ಆಗಿನ ಅಮೆರಿಕದ ತನಿಖೆ ಹೇಳಿತು. 1976ರಲ್ಲಿ ಅಡ್ಮಿರಲ್ ರಿಕೋವರ್ ತಂಡ ಮತ್ತೆ ಪರಿಶೀಲಿಸಿತು. ಒಳಗಿನ ಕಲ್ಲಿದ್ದಲು ಕೋಣೆಗೆ ತಾನಾಗಿಯೇ ಬೆಂಕಿ ಹತ್ತಿ, ಪಕ್ಕದ ಮದ್ದಿನ ಕೋಣೆ ಸಿಡಿದಿರಬಹುದು ಎಂಬ ತೀರ್ಮಾನಕ್ಕೆ ಬಂತು. ಸ್ಪೇನ್ ಮಾಡಿಸಿತು ಎನ್ನುವುದಕ್ಕೆ ಸಾಕ್ಷಿ ಇಲ್ಲ.

ಹರ್ಸ್ಟ್ ಮತ್ತು ಪುಲಿಟ್ಜರ್ ಎಂಬ ಮಾಲೀಕರ ಪತ್ರಿಕೆಗಳು ಜನರನ್ನು ಕೆರಳಿಸಿದ್ದು ನಿಜ. ಆದರೆ ಎಲ್ಲ ತಪ್ಪನ್ನೂ ಪತ್ರಿಕೆಗಳ ತಲೆಗೆ ಕಟ್ಟಿದರೆ ವಾಷಿಂಗ್ಟನ್‌ನಲ್ಲಿ ಕೂತು ತೀರ್ಮಾನ ತೆಗೆದುಕೊಂಡವರು ಸುಲಭವಾಗಿ ತಪ್ಪಿಸಿಕೊಂಡ ಹಾಗಾಗುತ್ತದೆ. ಮನಿಲಾಕ್ಕೆ ಹೋಗಲು ಸಿದ್ಧವಾಗಿರಿ ಎಂಬ ಆದೇಶ ಡ್ಯೂಯಿಗೆ ಹೋದದ್ದು ಸರ್ಕಾರದಿಂದ.

ಹವಾಯಿಯವರು ತಾವಾಗಿಯೇ ಸೇರಿಕೊಂಡರಲ್ವಾ?

ಇಲ್ಲ. ಈ ಉತ್ತರ ಸ್ವಲ್ಪ ಉದ್ದ, ಸಮಾಧಾನದಿಂದ ಓದಿ.

ಹವಾಯಿ ತನ್ನದೇ ರಾಣಿ, ಸಂವಿಧಾನ, ಪತ್ರಿಕೆಗಳಿದ್ದ ಸ್ವತಂತ್ರ ದೇಶವಾಗಿತ್ತು. 1893ರ ಜನವರಿಯಲ್ಲಿ, ಬಹುಪಾಲು ಅಮೆರಿಕ ಮೂಲದ ಜಮೀನುದಾರರು ಮತ್ತು ವ್ಯಾಪಾರಿಗಳ ಒಂದು ಸಣ್ಣ ಗುಂಪು ರಾಣಿ ಲಿಲಿಉಒಕಲಾನಿಯವರನ್ನು ಕೆಳಗಿಳಿಸಿತು. ಆಗ ಅಮೆರಿಕದ ಯುದ್ಧನೌಕೆಯಿಂದ ಸೈನಿಕರು ಹೊನೊಲುಲು ಬೀದಿಗಿಳಿದಿದ್ದರು. ಅಧ್ಯಕ್ಷ ಕ್ಲೀವ್‌ಲ್ಯಾಂಡ್ ತನಿಖೆ ಮಾಡಿಸಿ, ಇದು ತಪ್ಪು ಎಂದು ಹೇಳಿ, ದ್ವೀಪಗಳನ್ನು ಸೇರಿಸಿಕೊಳ್ಳಲು ಒಪ್ಪಲಿಲ್ಲ. ಅವರ ನಂತರ ಬಂದ ಮೆಕಿನ್ಲಿ ಒಪ್ಪಿದರು.

1897ರಲ್ಲಿ ಹವಾಯಿ ಜನ ದ್ವೀಪದಿಂದ ದ್ವೀಪಕ್ಕೆ ಹೋಗಿ ವಿರೋಧದ ಅರ್ಜಿಗೆ ಸಹಿ ಹಾಕಿಸಿದರು. 21,000ಕ್ಕೂ ಹೆಚ್ಚು ಸಹಿಗಳು. ಆಗ ಮೂಲನಿವಾಸಿ ಹವಾಯಿಯರ ಸಂಖ್ಯೆ ಸುಮಾರು 40,000. ಗಂಡಸರ ಹಾಳೆ ಬೇರೆ, ಹೆಂಗಸರ ಹಾಳೆ ಬೇರೆ. ಅರ್ಜಿಯನ್ನು ಹೊತ್ತು ಪ್ರತಿನಿಧಿಗಳು ವಾಷಿಂಗ್ಟನ್‌ಗೆ ಹೋದರು. ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಹವಾಯಿ ಸೇರ್ಪಡೆಯ ಒಪ್ಪಂದಕ್ಕೆ ಬೇಕಾದ ಮೂರನೇ ಎರಡು ಭಾಗ ಮತ ಸಿಗಲಿಲ್ಲ. ಅವರು ಗೆದ್ದಿದ್ದರು! ಆದರೆ ಕೆಲವೇ ತಿಂಗಳಲ್ಲಿ ಸ್ಪೇನ್ ಜೊತೆ ಯುದ್ಧ ಬಂತು. ಸರ್ಕಾರ ಒಪ್ಪಂದದ ದಾರಿ ಬಿಟ್ಟು, ಸರಳ ಬಹುಮತ ಸಾಕಾಗುವ, ಎರಡೂ ಸದನಗಳ ಜಂಟಿ ನಿರ್ಣಯ ತಂದು 1898ರ ಜುಲೈನಲ್ಲಿ ಕೆಲಸ ಮುಗಿಸಿತು.

ಆ ಹಾಳೆಗಳು ವಾಷಿಂಗ್ಟನ್‌ನ ರಾಷ್ಟ್ರೀಯ ದಾಖಲೆಗಳಲ್ಲಿ ಉಳಿದುಕೊಂಡಿದ್ದವು. 1990ರ ದಶಕದಲ್ಲಿ ಅವು ಮತ್ತೆ ಬೆಳಕಿಗೆ ಬಂದಾಗ ಹವಾಯಿಯವರು ಅದರಲ್ಲಿ ತಮ್ಮ ಮುತ್ತಜ್ಜಿಯ, ಮುತ್ತಜ್ಜನ ಹೆಸರು ಹುಡುಕಿದರು. ಮನೆಯಲ್ಲಿ ಯಾರೂ ಹೇಳಿರದ ಹೋರಾಟ ಒಂದು ಸಹಿಯಾಗಿ ಸಿಕ್ಕಿತು.

## ಯುದ್ಧದ ನಂತರದ ಕಥೆ

ಕ್ಯೂಬಾಕ್ಕಾದರೂ ಸ್ವಾತಂತ್ರ್ಯ ಕೊಟ್ಟರಲ್ಲ?

ಕೊಟ್ಟರು, ಹಗ್ಗ ಕಟ್ಟಿ ಕೊಟ್ಟರು. ಯುದ್ಧಕ್ಕೆ ಮೊದಲೇ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, 'ಟೆಲ್ಲರ್ ತಿದ್ದುಪಡಿ'ಯಲ್ಲಿ ಕ್ಯೂಬಾವನ್ನು ನುಂಗುವುದಿಲ್ಲ ಎಂದು ಮಾತು ಕೊಟ್ಟಿತ್ತು. ಆದರೆ 1901ರ 'ಪ್ಲಾಟ್ ತಿದ್ದುಪಡಿ'ಯನ್ನು ಕ್ಯೂಬಾ ತನ್ನ ಸಂವಿಧಾನದಲ್ಲಿ ಸೇರಿಸುವವರೆಗೂ ಅಮೆರಿಕದ ಸೇನೆ ಅಲ್ಲಿಂದ ಹೊರಡಲಿಲ್ಲ. ಅಗತ್ಯ ಬಿದ್ದರೆ ಅಮೆರಿಕ ಮಧ್ಯೆ ಬರಬಹುದು, ನೌಕಾನೆಲೆಗೆ ಜಾಗ ಕೊಡಬೇಕು ಎಂದು ಅದರಲ್ಲಿತ್ತು. 1906ರಲ್ಲಿ ಹಾಗೇ ಮಧ್ಯೆ ಬಂದು 1909ರವರೆಗೆ ಆಳಿದರು.

ನಮ್ಮವರಿಗೆ ಅರ್ಥ ಮಾಡಿಸಲು ನಾನು 1799ರ ನಂತರದ ಮೈಸೂರನ್ನು ನೆನಪಿಸುತ್ತೇನೆ. ಸಿಂಹಾಸನದ ಮೇಲೆ ನಮ್ಮ ಅರಸರೇ ಇದ್ದರು. ಆದರೆ ಬ್ರಿಟಿಷ್ ಸೇನೆ, ಬ್ರಿಟಿಷ್ ರೆಸಿಡೆಂಟ್ ಪಕ್ಕದಲ್ಲೇ. ಆಡಳಿತ ಸರಿಯಿಲ್ಲ ಎಂದು 1831ರಲ್ಲಿ ಅಧಿಕಾರವನ್ನೇ ಕಿತ್ತುಕೊಂಡರು. ಎರಡೂ ಒಂದೇ ಅಲ್ಲ, ಆದರೆ ಗುಣ ಒಂದೇ.

ಪ್ಲಾಟ್ ತಿದ್ದುಪಡಿ 1934ರಲ್ಲಿ ಹೋಯಿತು. 1903ರಲ್ಲಿ ಗುತ್ತಿಗೆಗೆ ಪಡೆದ ಗ್ವಾಂಟನಾಮೊ ನೆಲೆ ಇವತ್ತಿಗೂ ಅಮೆರಿಕದ ಕೈಯಲ್ಲೇ ಇದೆ.

ಸ್ಪೇನ್ ಸೋತ ಮೇಲೆ ಫಿಲಿಪೀನ್ಸ್‌ನಲ್ಲಿ ಯುದ್ಧ ಯಾರ ಜೊತೆ?

ಫಿಲಿಪಿನೋ ಜನರ ಜೊತೆಗೇ. ಅಮೆರಿಕನ್ನರಿಗೇ ಜಾಸ್ತಿ ಗೊತ್ತಿಲ್ಲದ ಯುದ್ಧ ಇದು.

ಎಮಿಲಿಯೊ ಅಗಿನಾಲ್ಡೊ ಸ್ಪೇನ್ ವಿರುದ್ಧದ ಹೋರಾಟದ ನಾಯಕ. ಹಾಂಗ್‌ಕಾಂಗ್‌ನಲ್ಲಿದ್ದ ಅವರನ್ನು 1898ರ ಮೇ ತಿಂಗಳಲ್ಲಿ ವಾಪಸ್ ಕರೆತಂದದ್ದು ಅಮೆರಿಕದ ಹಡಗೇ. ಜೂನ್ 12ರಂದು ಕಾವಿಟ್ ಊರಿನಲ್ಲಿ ಅವರು ಸ್ವಾತಂತ್ರ್ಯ ಘೋಷಿಸಿದರು. ಅವರ ಸೈನಿಕರು ಮನಿಲಾವನ್ನು ಸುತ್ತುವರಿದಿದ್ದರು. ಆಗಸ್ಟ್ 13ರಂದು ಸ್ಪೇನ್ ಮತ್ತು ಅಮೆರಿಕದ ಅಧಿಕಾರಿಗಳು ಮೊದಲೇ ಮಾತಾಡಿಕೊಂಡು ಹೆಸರಿಗೊಂದು ಕದನ ನಡೆಸಿದರು. ಸ್ಪೇನ್ ಬಾವುಟ ಇಳಿಯಿತು, ಅಮೆರಿಕದ್ದು ಏರಿತು. ಫಿಲಿಪಿನೋ ಸೈನಿಕರಿಗೆ ನಗರದ ಒಳಗೆ ಬರಲು ಬಿಡಲಿಲ್ಲ. ಪ್ಯಾರಿಸ್ ಮಾತುಕತೆಯಲ್ಲೂ ಅವರ ಪ್ರತಿನಿಧಿಗೆ ಜಾಗ ಸಿಗಲಿಲ್ಲ.

1899ರ ಫೆಬ್ರುವರಿ 4ರ ರಾತ್ರಿ ಮನಿಲಾ ಅಂಚಿನಲ್ಲಿ ಅಮೆರಿಕದ ಕಾವಲುಗಾರ ಗುಂಡು ಹಾರಿಸಿದ. ಯುದ್ಧ ಶುರು. ಎರಡೇ ದಿನಕ್ಕೆ ಸೆನೆಟ್ ಪ್ಯಾರಿಸ್ ಒಪ್ಪಂದವನ್ನು 57–27 ಮತಗಳಿಂದ ಒಪ್ಪಿತು. ಬೇಕಿದ್ದದ್ದಕ್ಕಿಂತ ಒಂದೇ ಮತ ಹೆಚ್ಚು.

ನನಗೆ ಜಾಸ್ತಿ ಇಷ್ಟವಾದ ವ್ಯಕ್ತಿ ಅಪೊಲಿನಾರಿಯೊ ಮಾಬಿನಿ. ಬಡ ಮನೆಯ ಹುಡುಗ, ವಕೀಲರಾದವರು. ಕಾಯಿಲೆಯಿಂದ ಎರಡೂ ಕಾಲು ಸ್ವಾಧೀನ ತಪ್ಪಿದ್ದವು. ಜೋಲಿಯಲ್ಲಿ ಹೊತ್ತುಕೊಂಡು ಓಡಾಡಿಸಬೇಕಿತ್ತು. ಹೊಸ ಗಣರಾಜ್ಯದ ಮೊದಲ ಪ್ರಧಾನಿ ಅವರೇ. ಸೆರೆ ಸಿಕ್ಕ ಮೇಲೂ ಬರೆಯುವುದನ್ನು ನಿಲ್ಲಿಸಲಿಲ್ಲ. ಅಮೆರಿಕಕ್ಕೆ ನಿಷ್ಠೆಯ ಪ್ರಮಾಣ ಮಾಡಲು ಒಪ್ಪದ ಅವರನ್ನು 1901ರಲ್ಲಿ ಗುವಾಮ್‌ಗೆ ಗಡೀಪಾರು ಮಾಡಿದರು. ನಡೆಯಲಾಗದ ಒಬ್ಬ ಮನುಷ್ಯನಿಗೆ ಅಷ್ಟು ಹೆದರಿದ್ದರು.

ಆ ಯುದ್ಧದಲ್ಲಿ ಎಷ್ಟು ಜನ ಸತ್ತರು? ಕ್ರೌರ್ಯ ನಡೆಯಿತು ಅನ್ನೋದು ಉತ್ಪ್ರೇಕ್ಷೆಯಾ?

4,200ಕ್ಕೂ ಹೆಚ್ಚು ಅಮೆರಿಕನ್ನರು, 20,000ಕ್ಕೂ ಹೆಚ್ಚು ಫಿಲಿಪಿನೋ ಹೋರಾಟಗಾರರು ಸತ್ತರು ಎಂದು ಅಮೆರಿಕದ ವಿದೇಶಾಂಗ ಇಲಾಖೆಯ ಇತಿಹಾಸ ವಿಭಾಗವೇ ಹೇಳುತ್ತದೆ. ಹಿಂಸೆ, ಹಸಿವು, ಕಾಯಿಲೆಯಿಂದ ಸತ್ತ ಸಾಮಾನ್ಯ ಜನ 2 ಲಕ್ಷದವರೆಗೆ ಇರಬಹುದು. ಕಾಲರಾ ಬಂದದ್ದೂ ಅದೇ ಹೊತ್ತಿಗೆ.

ಉತ್ಪ್ರೇಕ್ಷೆ ಅಲ್ಲ. 1902ರಲ್ಲಿ ಸೆನೆಟ್ ಸಮಿತಿಯ ಮುಂದೆ ಅಮೆರಿಕದ ಸೈನಿಕರೇ ಸಾಕ್ಷಿ ಹೇಳಿದರು. ಸೆರೆಯಾಳನ್ನು ಮಲಗಿಸಿ, ಬಾಯಿಗೆ ನೀರು ಸುರಿದು, ಹೊಟ್ಟೆ ಉಬ್ಬಿದ ಮೇಲೆ ಒತ್ತುವ ಹಿಂಸೆ ಇತ್ತು. ಅದಕ್ಕೆ 'ನೀರಿನ ಚಿಕಿತ್ಸೆ' ಎಂದು ಹೆಸರಿಟ್ಟಿದ್ದರು. ಬಟಾಂಗಾಸ್ ಪ್ರಾಂತ್ಯದಲ್ಲಿ ಹಳ್ಳಿಯ ಜನರನ್ನು ಒಂದೆಡೆ ಕೂಡಿಹಾಕಿ ಕಾವಲಿನಲ್ಲಿಟ್ಟರು. ಕ್ಯೂಬಾದಲ್ಲಿ ಸ್ಪೇನ್ ಇದನ್ನೇ ಮಾಡಿದಾಗ ಅಮೆರಿಕ ಸಿಟ್ಟಾಗಿತ್ತು.

1901ರ ಸೆಪ್ಟೆಂಬರ್ 28ರಂದು ಸಮರ್ ದ್ವೀಪದ ಬಾಲಂಗಿಗ ಊರಿನ ಜನ ದಿಢೀರ್ ದಾಳಿ ಮಾಡಿ 48 ಅಮೆರಿಕನ್ ಸೈನಿಕರನ್ನು ಕೊಂದರು. ಅದಕ್ಕೆ ಸೇಡಾಗಿ, ಆಯುಧ ಹಿಡಿಯಬಲ್ಲ, ಹತ್ತು ವರ್ಷ ದಾಟಿದ ಎಲ್ಲರನ್ನೂ ಕೊಲ್ಲಿ ಎಂದು ಜನರಲ್ ಜೇಕಬ್ ಸ್ಮಿತ್ ಆದೇಶ ಕೊಟ್ಟರು. ಸೇನಾ ನ್ಯಾಯಾಲಯ ಅವರಿಗೆ ಕೊಟ್ಟ ಶಿಕ್ಷೆ ಒಂದು ಛೀಮಾರಿ ಮಾತ್ರ. ಆಮೇಲೆ ಅಧ್ಯಕ್ಷ ರೂಸ್‌ವೆಲ್ಟ್ ಈ ಸ್ಮಿತ್‌ರನ್ನು ನಿವೃತ್ತಿ ಮಾಡಿಸಿದರು.

ಯುದ್ಧ ಮುಗಿಯಿತು ಎಂದು 1902ರ ಜುಲೈ 4ರಂದು ಘೋಷಿಸಿದರೂ ದಕ್ಷಿಣದ ಮೊರೊ ಮುಸ್ಲಿಮರ ಜೊತೆ ಹೋರಾಟ 1913ರವರೆಗೂ ನಡೆಯಿತು.

## ಬೇಕು–ಬೇಡ ಎಂಬ ಚರ್ಚೆ

ಅಮೆರಿಕದಲ್ಲೇ ಇದನ್ನು ಯಾರೂ ವಿರೋಧಿಸಲಿಲ್ವಾ?

ವಿರೋಧಿಸಿದರು, ಜೋರಾಗಿಯೇ. 1898ರಲ್ಲಿ ಬಾಸ್ಟನ್‌ನಲ್ಲಿ 'ಸಾಮ್ರಾಜ್ಯವಾದ ವಿರೋಧಿ ಸಂಘ' ಹುಟ್ಟಿತು. ಇದರ ಸದಸ್ಯರ ಪಟ್ಟಿ ನೋಡಿದರೆ, ಇವರೆಲ್ಲ ಒಂದೇ ಕಡೆ ಕೂತಿದ್ದರಾ ಅನ್ನಿಸುತ್ತದೆ. ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿ, ಕಾರ್ಮಿಕ ನಾಯಕ ಸ್ಯಾಮ್ಯುಯೆಲ್ ಗೊಂಪರ್ಸ್, ಸಮಾಜ ಸೇವಕಿ ಜೇನ್ ಆಡಮ್ಸ್, ತತ್ವಜ್ಞಾನಿ ವಿಲಿಯಂ ಜೇಮ್ಸ್, ಮಾಜಿ ಅಧ್ಯಕ್ಷ ಕ್ಲೀವ್‌ಲ್ಯಾಂಡ್. ಫಿಲಿಪೀನ್ಸ್‌ಗೆ ಕೊಟ್ಟ 2 ಕೋಟಿ ಡಾಲರನ್ನು ನಾನೇ ಕೊಡುತ್ತೇನೆ, ಅವರನ್ನು ಸ್ವತಂತ್ರ ಬಿಡಿ ಎಂದು ಕಾರ್ನೆಗಿ ಹೇಳಿದ್ದರು.

ಮಾರ್ಕ್ ಟ್ವೇನ್ ಮೊದಲು ಯುದ್ಧದ ಪರ ಇದ್ದವರು. ಪ್ಯಾರಿಸ್ ಒಪ್ಪಂದವನ್ನು ಗಮನವಿಟ್ಟು ಓದಿದ ಮೇಲೆ ಮನಸ್ಸು ಬದಲಾಯಿತು ಎಂದು ಅವರೇ ಹೇಳಿಕೊಂಡರು. 1900ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ಗೆ ಮರಳಿದಾಗ, ಅಮೆರಿಕದ ಹದ್ದು ಬೇರೆ ಯಾವ ನೆಲದ ಮೇಲೂ ಉಗುರು ಊರಬಾರದು ಎಂದು ಪತ್ರಕರ್ತರಿಗೆ ತಿಳಿಸಿದರು. ಮುಂದೆ ಸಾಯುವವರೆಗೂ ಸಂಘದ ಉಪಾಧ್ಯಕ್ಷರಾಗಿದ್ದರು. ತಪ್ಪು ತಿಳಿದಿದ್ದೆ ಎಂದು ಬಹಿರಂಗವಾಗಿ ಒಪ್ಪಿಕೊಂಡರಲ್ಲ, ಅದಕ್ಕೇ ಅವರ ಮೇಲೆ ನನಗೆ ಗೌರವ.

ಹಾಗಾದ್ರೆ ವಿರೋಧಿಸಿದವರೆಲ್ಲ ಒಳ್ಳೆಯವರು ಅಂತ ತಿಳಿಯಬಹುದಾ?

ಹಾಗೆ ತಿಳಿಯಬೇಡಿ. ದಕ್ಷಿಣ ಕರೊಲಿನಾದ ಸೆನೆಟರ್ ಬೆನ್ ಟಿಲ್ಮನ್ ಕೂಡ ವಿರೋಧಿಸಿದರು. ಅವರ ಕಾರಣ, ಬಿಳಿಯರಲ್ಲದ ಲಕ್ಷಾಂತರ ಜನ ನಮ್ಮ ದೇಶದೊಳಗೆ ಬರಬಾರದು ಎನ್ನುವುದು. ಗೊಂಪರ್ಸ್ ಭಯ, ಕಡಿಮೆ ಕೂಲಿಗೆ ಏಷ್ಯಾದವರು ಬಂದುಬಿಡುತ್ತಾರೆ ಎಂಬುದು. ಫಿಲಿಪಿನೋ ಜನ ನಮ್ಮಷ್ಟೇ ಮನುಷ್ಯರು ಎಂದು ನಂಬಿ ಮಾತಾಡಿದವರು ಕಡಿಮೆ. ಸಂಘದ ವಕೀಲ ಮೂರ್‌ಫೀಲ್ಡ್ ಸ್ಟೋರಿ ಅಂಥವರಲ್ಲಿ ಒಬ್ಬರು. ಮುಂದೆ ಕಪ್ಪು ಜನರ ಹಕ್ಕಿನ ಸಂಸ್ಥೆಯಾದ ಎನ್‌ಎಎಸಿಪಿಯ ಮೊದಲ ಅಧ್ಯಕ್ಷರಾದದ್ದೂ ಇವರೇ.

ಕಪ್ಪು ಸೈನಿಕರ ಸಂಕಟ ಬೇರೆಯದೇ. ಊರಿನಲ್ಲಿ ತಮ್ಮವರನ್ನು ಗುಂಪು ಕಟ್ಟಿ ಕೊಲ್ಲುತ್ತಿದ್ದ ದೇಶಕ್ಕಾಗಿ ಅವರು ಇನ್ನೊಂದು ಕಂದು ಜನರ ಮೇಲೆ ಗುಂಡು ಹಾರಿಸಬೇಕಿತ್ತು. 24ನೇ ಪದಾತಿ ದಳದ ಡೇವಿಡ್ ಫೇಗನ್ ಸೇನೆ ಬಿಟ್ಟು ಫಿಲಿಪಿನೋ ಕಡೆ ಸೇರಿ, ಅಲ್ಲಿ ಕ್ಯಾಪ್ಟನ್ ಆದರು.

ಪರವಾಗಿದ್ದವರ ವಾದ ಏನು? ಅವರಿಗೂ ಕಾರಣ ಇತ್ತಲ್ವಾ?

ಇತ್ತು. ಚೀನಾದ ವ್ಯಾಪಾರ ಒಂದು. ನಾವು ಬಿಟ್ಟರೆ ಜರ್ಮನಿಯೋ ಜಪಾನೋ ಹಿಡಿಯುತ್ತದೆ ಎಂಬುದು ಇನ್ನೊಂದು. ಈ ಭಯ ಪೂರ್ತಿ ಸುಳ್ಳಲ್ಲ, ಜರ್ಮನಿಯ ಹಡಗುಗಳು ಆಗ ಮನಿಲಾ ಕೊಲ್ಲಿಯಲ್ಲಿ ಸುತ್ತುತ್ತಿದ್ದವು. ಮೂರನೆಯದು, ಆ ಜನಕ್ಕೆ ತಮ್ಮನ್ನು ತಾವು ಆಳಿಕೊಳ್ಳಲು ಬರುವುದಿಲ್ಲ ಎಂಬ ವಾದ. ಮಕ್ಕಳನ್ನೂ ಅವರ ಒಪ್ಪಿಗೆ ಇಲ್ಲದೆ ನೋಡಿಕೊಳ್ಳುತ್ತೇವಲ್ಲ ಎಂದು ಇಂಡಿಯಾನಾ ರಾಜ್ಯದ ರಾಜಕಾರಣಿ ಆಲ್ಬರ್ಟ್ ಬೆವೆರಿಡ್ಜ್ ಭಾಷಣ ಮಾಡಿದರು. ಅಗಿನಾಲ್ಡೊ ಸರ್ಕಾರ ಆ ಹೊತ್ತಿಗೆ ಸಂವಿಧಾನ ಬರೆದು, ಶಾಸನಸಭೆ ನಡೆಸುವ ದಾರಿಯಲ್ಲಿತ್ತು. ಅದನ್ನು ನೋಡಿದರೆ ಈ ಮೂರನೇ ವಾದ ನಿಲ್ಲುವುದೇ ಇಲ್ಲ.

ಇದಕ್ಕೂ ನಮಗೂ ಏನಾದರೂ ಸಂಬಂಧ ಇದೆಯಾ?

ಮುಂಬಯಿಯಲ್ಲಿ ಹುಟ್ಟಿದ ರಡ್ಯಾರ್ಡ್ ಕಿಪ್ಲಿಂಗ್ 1899ರ ಫೆಬ್ರುವರಿಯಲ್ಲಿ ಪ್ರಕಟಿಸಿದ 'ಬಿಳಿಯರ ಹೊರೆ' ಪದ್ಯ ಭಾರತದ ಬಗ್ಗೆ ಎಂದು ಅನೇಕರು ತಿಳಿದಿದ್ದಾರೆ. ಅದು ಬರೆದದ್ದು ಅಮೆರಿಕಕ್ಕೆ, ಫಿಲಿಪೀನ್ಸ್ ವಿಷಯದಲ್ಲಿ. ಇಲ್ಲಿ ಬ್ರಿಟಿಷರು ಕಲಿತ ಪಾಠವನ್ನು ಅಲ್ಲಿಗೆ ದಾಟಿಸಿದ ಹಾಗೆ.

ಉಲ್ಟಾ ದಿಕ್ಕಿನ ಸಂಬಂಧವೂ ಇದೆ. 1900ರ ಅಧ್ಯಕ್ಷ ಚುನಾವಣೆಯಲ್ಲಿ ಸಾಮ್ರಾಜ್ಯವಾದದ ವಿರುದ್ಧ ನಿಂತ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಭಾರತ ನೋಡಿಕೊಂಡು ಹೋಗಿ, 1906ರಲ್ಲಿ ಬ್ರಿಟಿಷ್ ಆಳ್ವಿಕೆಯನ್ನು ಕಟುವಾಗಿ ಟೀಕಿಸಿ ಬರೆದರು. ಇಲ್ಲಿನ ಬರ, ತೆರಿಗೆ, ಶಿಕ್ಷಣದ ಸ್ಥಿತಿ ಅವರನ್ನು ಕಲಕಿತ್ತು.

ಅಷ್ಟು ದೊಡ್ಡವರೆಲ್ಲ ವಿರೋಧಿಸಿದ ಮೇಲೂ ಯಾಕೆ ಸೋತರು?

ಒಗ್ಗಟ್ಟಿರಲಿಲ್ಲ. ಕಾರ್ನೆಗಿ ಮತ್ತು ಗೊಂಪರ್ಸ್ ಬೇರೆ ಯಾವ ವಿಷಯದಲ್ಲಿ ಒಪ್ಪುತ್ತಾರೆ ಹೇಳಿ? ನಾಯಕರಲ್ಲಿ ಬಹಳ ಜನ ವಯಸ್ಸಾದವರು. ಬ್ರಯನ್ ಅವರ ನಡೆಯೂ ಗೊಂದಲ ಮಾಡಿತು. ಮೊದಲು ಒಪ್ಪಂದ ಮುಗಿಯಲಿ, ಸ್ವಾತಂತ್ರ್ಯ ಆಮೇಲೆ ಕೊಡೋಣ ಎಂದು ಸೆನೆಟ್‌ನಲ್ಲಿ ತಮ್ಮವರಿಂದಲೇ ಮತ ಹಾಕಿಸಿದರು. ಇದು ದೊಡ್ಡ ತಪ್ಪು ಎಂಬುದು ನನ್ನ ಅಭಿಪ್ರಾಯ. 57ರಲ್ಲಿ ಎರಡೇ ಮತ ಆಚೆ ಹೋಗಿದ್ದರೂ ಒಪ್ಪಂದ ಬೀಳುತ್ತಿತ್ತು. 1900ರ ಹೊತ್ತಿಗೆ ದೇಶದ ಕೈಯಲ್ಲಿ ದುಡ್ಡು ಓಡಾಡುತ್ತಿತ್ತು, ಮೆಕಿನ್ಲಿ ಆರಾಮವಾಗಿ ಗೆದ್ದರು.

## ಸ್ವಲ್ಪ ಆಳದ ಪ್ರಶ್ನೆಗಳು

ಆ ದ್ವೀಪದವರು ಅಮೆರಿಕದ ಪ್ರಜೆಗಳಾದರಾ ಇಲ್ವಾ?

ಇದಕ್ಕೆ ಉತ್ತರ ಕಿತ್ತಳೆ ಹಣ್ಣಿನಲ್ಲಿದೆ. 1900ರಲ್ಲಿ ಪೋರ್ಟೊ ರಿಕೊದಿಂದ ನ್ಯೂಯಾರ್ಕ್ ಬಂದರಿಗೆ ಕಿತ್ತಳೆ ಬಂತು. ಅಧಿಕಾರಿಗಳು ಸುಂಕ ಹಾಕಿದರು. ವ್ಯಾಪಾರಿ ಡೌನ್ಸ್ ಕೇಳಿದ್ದು ನ್ಯಾಯವಾಗಿತ್ತು. ಪೋರ್ಟೊ ರಿಕೊ ಅಮೆರಿಕದ್ದೇ ಆದ ಮೇಲೆ ಫ್ಲಾರಿಡಾದ ಕಿತ್ತಳೆಗಿಲ್ಲದ ಸುಂಕ ಇದಕ್ಕೆ ಯಾಕೆ? ಸಂವಿಧಾನದ ಪ್ರಕಾರ ಸುಂಕ ದೇಶವಿಡೀ ಒಂದೇ ಇರಬೇಕಲ್ವಾ?

1901ರಲ್ಲಿ ಸುಪ್ರೀಂ ಕೋರ್ಟ್ 5–4ರಿಂದ ಡೌನ್ಸ್ ವಿರುದ್ಧ ತೀರ್ಪು ಕೊಟ್ಟಿತು. ಪೋರ್ಟೊ ರಿಕೊ ಅಮೆರಿಕಕ್ಕೆ ಸೇರಿದ್ದು, ಆದರೆ ಅಮೆರಿಕದ ಭಾಗ ಅಲ್ಲ ಎಂದಿತು. ಸಂವಿಧಾನ ಅಲ್ಲಿಗೆ ಪೂರ್ತಿಯಾಗಿ ಅನ್ವಯಿಸುವುದಿಲ್ಲ ಎಂಬುದು ಅದರ ಅರ್ಥ. ಈ ತೀರ್ಪಿನ ಮುಖ್ಯ ಅಭಿಪ್ರಾಯ ಬರೆದ ಹೆನ್ರಿ ಬ್ರೌನ್, ಕಪ್ಪು ಜನರನ್ನು ರೈಲಿನಲ್ಲಿ ಬೇರೆ ಕೂರಿಸುವುದು ಸರಿ ಎಂದು 1896ರಲ್ಲಿ ಬರೆದವರೇ. ಎರಡೂ ಸಲ ವಿರೋಧಿಸಿದ ನ್ಯಾಯಮೂರ್ತಿ ಜಾನ್ ಹಾರ್ಲನ್.

ಆ ತೀರ್ಪು ಇನ್ನೂ ರದ್ದಾಗಿಲ್ಲ. ಪೋರ್ಟೊ ರಿಕೊದವರಿಗೆ 1917ರಲ್ಲಿ ಪೌರತ್ವ ಬಂತು, ಆದರೆ ದ್ವೀಪದಲ್ಲಿ ಇರುವವರೆಗೂ ಅಧ್ಯಕ್ಷರ ಆಯ್ಕೆಗೆ ಮತ ಹಾಕುವಂತಿಲ್ಲ. ಪೆಸಿಫಿಕ್‌ನಲ್ಲಿ ಅಮೆರಿಕದ ಇನ್ನೊಂದು ದ್ವೀಪ ಪ್ರದೇಶವಾದ ಅಮೆರಿಕನ್ ಸಮೋವಾದಲ್ಲಿ ಹುಟ್ಟಿದವರಿಗೆ ಹುಟ್ಟಿನಿಂದ ಪೌರತ್ವವೇ ಇಲ್ಲ.

ಬ್ರಿಟಿಷರಿಗೆ ಹೋಲಿಸಿದರೆ ಅಮೆರಿಕನ್ನರು ವಾಸಿ ಅಂತಾರೆ. ಶಾಲೆ ಕಟ್ಟಿಸಿದರಂತೆ?

ಕಟ್ಟಿಸಿದರು. 1901ರ ಆಗಸ್ಟ್‌ನಲ್ಲಿ 'ಥಾಮಸ್' ಎಂಬ ಹಡಗಿನಲ್ಲಿ ಸುಮಾರು 500 ಶಿಕ್ಷಕರು ಮನಿಲಾಕ್ಕೆ ಬಂದರು. ಹಳ್ಳಿಹಳ್ಳಿಗೆ ಹೋಗಿ ಪ್ರಾಮಾಣಿಕವಾಗಿ ದುಡಿದವರು ಅವರಲ್ಲಿ ಬಹಳ. 1907ಕ್ಕೇ ಚುನಾಯಿತ ಸಭೆ ಬಂತು. 1916ರಲ್ಲಿ ಸ್ವಾತಂತ್ರ್ಯದ ಭರವಸೆಯನ್ನು ಕಾನೂನಿನಲ್ಲೇ ಬರೆದರು. ಆಗ ಭಾರತಕ್ಕೆ ಬ್ರಿಟಿಷರಿಂದ ಅಂಥ ಮಾತು ಸಿಕ್ಕಿರಲಿಲ್ಲ. ಅದನ್ನು ಒಪ್ಪಲೇಬೇಕು.

ಆದರೆ ಅದೇ ಸರ್ಕಾರ 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ವಿಶ್ವ ಮೇಳಕ್ಕೆ ಸಾವಿರಕ್ಕೂ ಹೆಚ್ಚು ಫಿಲಿಪಿನೋ ಜನರನ್ನು ಕರೆತಂದು, ಬೇಲಿಯೊಳಗೆ ಹಳ್ಳಿ ಕಟ್ಟಿ, ಬಂದವರಿಗೆ ತೋರಿಸಿತು. ಶಾಲೆಯ ಹಲಗೆಯೂ ಆ ಬೇಲಿಯೂ ಒಂದೇ ಆಡಳಿತದ ಕೆಲಸ.

ಕೊನೆಗೆ ಯಾಕೆ ಬಿಟ್ಟುಹೋದರು?

1934ರ ಕಾನೂನು ಫಿಲಿಪೀನ್ಸ್‌ಗೆ ಹತ್ತು ವರ್ಷದ ನಂತರ ಸ್ವಾತಂತ್ರ್ಯ ಎಂದಿತು. ಫಿಲಿಪಿನೋ ನಾಯಕರ ಹೋರಾಟ ಅದರ ಹಿಂದಿತ್ತು. ಅಲ್ಲಿನ ಸಕ್ಕರೆಯ ಪೈಪೋಟಿ ಬೇಡ, ಅಲ್ಲಿನ ಕೂಲಿಗಳೂ ಬೇಡ ಎನ್ನುವ ಅಮೆರಿಕನ್ನರ ಒತ್ತಡವೂ ಇತ್ತು. ಅದೇ ಕಾನೂನು ಫಿಲಿಪಿನೋ ವಲಸಿಗರ ಸಂಖ್ಯೆಯನ್ನು ವರ್ಷಕ್ಕೆ 50ಕ್ಕೆ ಇಳಿಸಿತು. ನಡುವೆ ಜಪಾನ್ ಆಕ್ರಮಣ ಬಂತು. 1946ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದೇ, ಸ್ವಾತಂತ್ರ್ಯ ಸಿಕ್ಕಿತು. 1962ರಲ್ಲಿ ಫಿಲಿಪೀನ್ಸ್ ಆ ದಿನವನ್ನು ಬಿಟ್ಟು ಜೂನ್ 12ಕ್ಕೆ ಆಚರಣೆ ಬದಲಿಸಿತು. ನಾವು 1898ರಲ್ಲೇ ಸ್ವತಂತ್ರರಾಗಿದ್ದೆವು ಎಂಬುದು ಅವರ ಮಾತು.

ಅಮೆರಿಕ ಯಾವತ್ತಾದರೂ ಕ್ಷಮೆ ಕೇಳಿದೆಯಾ?

ಹವಾಯಿಗೆ ಕೇಳಿದೆ. 1993ರಲ್ಲಿ, ರಾಣಿಯನ್ನು ಇಳಿಸಿ ಸರಿಯಾಗಿ ನೂರು ವರ್ಷಕ್ಕೆ, ಕಾಂಗ್ರೆಸ್ ನಿರ್ಣಯ ಮಾಡಿತು. ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದರು. ನೆಲ ಮಾತ್ರ ವಾಪಸ್ ಬರಲಿಲ್ಲ.

ಫಿಲಿಪೀನ್ಸ್‌ಗೆ ಅಂಥ ನಿರ್ಣಯ ಬರಲಿಲ್ಲ, ಗಂಟೆಗಳು ಬಂದವು. ಬಾಲಂಗಿಗದ ಚರ್ಚಿನ ಗಂಟೆ ಬಾರಿಸಿಯೇ 1901ರ ದಾಳಿಯ ಸನ್ನೆ ಕೊಟ್ಟರು ಎನ್ನುತ್ತಾರೆ. ಸೇಡು ತೀರಿಸಿಕೊಂಡ ಸೈನಿಕರು ಮೂರು ಗಂಟೆಗಳನ್ನು ಹೊತ್ತೊಯ್ದಿದ್ದರು. ಎರಡು ವಯೋಮಿಂಗ್‌ನ ಸೇನಾ ನೆಲೆಯಲ್ಲಿ, ಒಂದು ದಕ್ಷಿಣ ಕೊರಿಯಾದಲ್ಲಿದ್ದ ಅಮೆರಿಕನ್ ದಳದ ಬಳಿ ಇದ್ದವು. ಊರಿನವರು, ಪಾದ್ರಿಗಳು, ಕೆಲವು ಅಮೆರಿಕನ್ ಮಾಜಿ ಸೈನಿಕರೂ ಸೇರಿ ದಶಕಗಳ ಕಾಲ ಕೇಳುತ್ತಲೇ ಇದ್ದರು. 2018ರ ಡಿಸೆಂಬರ್‌ನಲ್ಲಿ, 117 ವರ್ಷದ ನಂತರ, ಮೂರೂ ಬಾಲಂಗಿಗಕ್ಕೆ ಮರಳಿದವು.